ಮಂಠಾಳದ ಹೊಲದ ಹಾದಿಗಳು ಮತ್ತು ‘ಪೂರ್ವಜ್ಞಾನ’ದ ಸಾಲು

ಪಾಠ ಯೋಜನೆಯ ನಮೂನೆಯಲ್ಲಿ ‘ವಿದ್ಯಾರ್ಥಿಗಳ ಪೂರ್ವಜ್ಞಾನ’ ಎಂಬ ಒಂದು ಸಾಲು ಇದೆ. ಬೋಧನಾಭ್ಯಾಸದ ತಿಂಗಳುಗಳಲ್ಲಿ ನಾನು ಸಹಿ ಹಾಕುವ ಯೋಜನೆಗಳಲ್ಲಿ ಆ ಸಾಲಿನ ಎದುರಿಗೆ ಬರೆದಿರುವುದು ಹೆಚ್ಚುಕಡಿಮೆ ಒಂದೇ ಬಗೆಯದು. ‘ವಿದ್ಯಾರ್ಥಿಗಳಿಗೆ ವೃತ್ತದ ಬಗ್ಗೆ ಗೊತ್ತಿದೆ’, ‘ವಿದ್ಯಾರ್ಥಿಗಳಿಗೆ ಮಣ್ಣಿನ ಬಗ್ಗೆ ಗೊತ್ತಿದೆ’, ‘ವಿದ್ಯಾರ್ಥಿಗಳಿಗೆ ಶರಣರ ಬಗ್ಗೆ ಗೊತ್ತಿದೆ’. ಏನು ಗೊತ್ತಿದೆ, ಎಷ್ಟು ಗೊತ್ತಿದೆ, ಯಾವ ಭಾಷೆಯಲ್ಲಿ ಗೊತ್ತಿದೆ ಎಂದು ಕೇಳಿದರೆ ಪ್ರಶಿಕ್ಷಣಾರ್ಥಿ ನಮ್ಮ ಮುಖ ನೋಡುತ್ತಾನೆ. ಅವನ ಮೇಲೆ ತಪ್ಪು ಹೊರಿಸುವಂತಿಲ್ಲ. ಬೆಳಿಗ್ಗೆ ಬಸ್ಸಿಳಿದು ಶಾಲೆಯ ಗೇಟು ಹೊಕ್ಕು, ಸಂಜೆ ಗೇಟು ದಾಟಿ ಬಸ್ಸು ಹತ್ತುವವನಿಗೆ ಊರೆಂದರೆ ಬಸ್ ನಿಲ್ದಾಣ, ಚಹಾದ ಅಂಗಡಿ ಮತ್ತು ಶಾಲೆಯ ಕಾಂಪೌಂಡು. ಮಗು ಗೇಟಿನಿಂದ ಆಚೆಗೆ ಎಲ್ಲಿಂದ ಬಂತು ಎನ್ನುವುದು ಆ ನಕ್ಷೆಯಲ್ಲಿ ಇಲ್ಲ.

ಬಸವಕಲ್ಯಾಣ ತಾಲ್ಲೂಕಿನ ಮಂಠಾಳ ಹೋಬಳಿಯ ಒಂದು ಹಿರಿಯ ಪ್ರಾಥಮಿಕ ಶಾಲೆಗೆ ನಮ್ಮ ಒಂದು ತಂಡವನ್ನು ಶಾಲಾ ಅನುಭವಕ್ಕೆ ಹಾಕಿದಾಗ ಮೇಲ್ವಿಚಾರಣೆ ನನ್ನ ಪಾಲಿಗೆ ಬಂತು. ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಮಂಡಳಿಯ 2014ರ ನಿಯಮಾವಳಿಯ ಪ್ರಕಾರ ಎರಡು ವರ್ಷದ ಬಿ.ಇಡಿ.ಯಲ್ಲಿ 20 ವಾರ ಶಾಲೆಯಲ್ಲಿ ಕಳೆಯಬೇಕು, ಅದರಲ್ಲಿ 16 ವಾರ ಎರಡನೆಯ ವರ್ಷದಲ್ಲಿ. ಜುಲೈ ಕೊನೆಯಿಂದ ನವೆಂಬರ್‌ವರೆಗೆ, ದಸರೆಯ ರಜೆ ಬಿಟ್ಟು, ನಾನು ವಾರಕ್ಕೆರಡು ಸಲ ಅಲ್ಲಿಗೆ ಹೋಗುತ್ತಿದ್ದೆ. ಶನಿವಾರ ಬೆಳಗಿನ ಶಾಲೆ. ಬಿಟ್ಟ ಮೇಲೆ ಮಧ್ಯಾಹ್ನದ ಬಸ್ಸಿಗೆ ಕಾಯುವ ಬದಲು, ಊರಿನವರೊಬ್ಬರಿಂದ ಹಳೆಯ ಕರಿ ಸೈಕಲ್ ಒಂದನ್ನು ಕೇಳಿ ಪಡೆದು, ಮನೆಗೆ ಹೊರಟ ಮಕ್ಕಳ ಜೊತೆಗೇ ಹೋಗುವ ರೂಢಿ ಮಾಡಿಕೊಂಡೆ. ಮೊದಲ ಶನಿವಾರ ಒಬ್ಬನೇ, ಆಮೇಲೆ ಇಬ್ಬರು ಮೂವರು ಪ್ರಶಿಕ್ಷಣಾರ್ಥಿಗಳು, ಕೊನೆಗೆ ತಂಡದ ಬಹುತೇಕರು. ಸೈಕಲ್ಲು ಹೋಗುವಲ್ಲಿ ಸೈಕಲ್ಲು, ಹೋಗದ ಕಡೆ ಕಾಲು.

ಈ ಕಡೆಯ ಹಾದಿಗಳಿಗೆ ಊರವರ ಬಾಯಲ್ಲಿ ಬೇರೆ ಬೇರೆ ಹೆಸರಿವೆ. ಎರಡು ಗಾಲಿಯ ಜಾಡು ಇರುವುದು ಬಂಡಿದಾರಿ. ಬದುವಿನ ಮೇಲೆ ಒಬ್ಬರ ಹಿಂದೊಬ್ಬರು ಹೋಗುವುದು ಕಾಲುಹಾದಿ. ಪಠ್ಯಪುಸ್ತಕದಲ್ಲಿ ‘ದಾರಿ’, ಮನೆಯಲ್ಲಿ ‘ಹಾದಿ’, ಮರಾಠಿ ಮನೆಯಲ್ಲಿ ‘ವಾಟ’, ಉರ್ದು ಮನೆಯಲ್ಲಿ ‘ರಾಸ್ತಾ’. ಒಂದು ಕಿಲೋಮೀಟರಿನೊಳಗೆ ನಾಲ್ಕು ಪದ ದಾಟಿ ಬರುವ ಮಗುವಿಗೆ ನಾವು ‘ಸಮಾನಾರ್ಥಕ ಪದ ಬರೆಯಿರಿ’ ಎಂದು ಕೇಳಿದಾಗ ಅದು ಪೆನ್ಸಿಲ್ ಕಚ್ಚುತ್ತ ಕೂರುತ್ತದೆ.

ನಮ್ಮ ಇಂಗ್ಲಿಷ್ ವಿಷಯದ ಪ್ರಶಿಕ್ಷಣಾರ್ಥಿನಿ ‘ಲೇನ್’ ಎಂಬ ಪದ ಕಲಿಸಲು ಒಂದು ಚಿತ್ರ ತಂದಿದ್ದಳು. ಇಂಗ್ಲೆಂಡಿನ ಹಳ್ಳಿ, ಎರಡೂ ಬದಿಗೆ ಎದೆಮಟ್ಟದ ಹಸಿರು ಬೇಲಿ, ನಡುವೆ ಕಿರಿದಾದ ದಾರಿ, ಟೊಪ್ಪಿಗೆ ಹಾಕಿಕೊಂಡು ಸೈಕಲ್ ತುಳಿಯುವ ಮುದುಕ. ಚಿತ್ರ ಚೆಂದವಿತ್ತು, ಮಕ್ಕಳು ಮುದುಕನ ಟೊಪ್ಪಿಗೆ ನೋಡಿ ನಕ್ಕರು, ಪಾಠ ಮುಗಿಯಿತು. ಆ ಶನಿವಾರ ನಾವು ಇಳಿದ ಬಂಡಿದಾರಿಯಲ್ಲಿ ಎರಡೂ ಬದಿಗೆ ಲಕ್ಕಿ, ತಂಗಡಿ, ಬಾರೆ, ಜಾಲಿ, ನಡುನಡುವೆ ಸೀತಾಫಲದ ಗಿಡ, ಅಲ್ಲಲ್ಲಿ ಬೇವು. ಬೇಲಿ ಎದೆಮಟ್ಟವೇ ಇತ್ತು. ಎದುರಿಗೆ ಹಸಿರು ಮೇವಿನ ಹೊರೆ ಕಟ್ಟಿಕೊಂಡು ಒಬ್ಬ ಮುದುಕ ಸೈಕಲ್ ತಳ್ಳುತ್ತ ಬಂದ. ಟೊಪ್ಪಿಗೆ ಬಿಳಿದು, ಗಾಂಧಿ ಟೊಪ್ಪಿಗೆ. ಅವಳು ತನ್ನಷ್ಟಕ್ಕೆ ನಕ್ಕು ಫೋನಿನಲ್ಲಿ ಚಿತ್ರ ತೆಗೆದುಕೊಂಡಳು, ಮುದುಕನ ಅಪ್ಪಣೆ ಕೇಳಿಯೇ. ಮುಂದಿನ ವಾರದ ಪಾಠದಲ್ಲಿ ಎರಡು ಚಿತ್ರಗಳಿದ್ದವು. ಬೇಲಿಯ ಗಿಡಗಳ ಹೆಸರುಗಳನ್ನು ಮಕ್ಕಳೇ ಹೇಳಿದರು, ಅವಳು ಕಪ್ಪುಹಲಗೆಯ ಮೇಲೆ ಬರೆದುಕೊಂಡಳು. ಯಾರು ಯಾರಿಗೆ ಕಲಿಸುತ್ತಿದ್ದಾರೆ ಎಂದು ವೀಕ್ಷಣಾ ಹಾಳೆಯಲ್ಲಿ ಎಲ್ಲಿ ಗುರುತು ಹಾಕುವುದೋ ನನಗೆ ತಿಳಿಯಲಿಲ್ಲ.

ಆ ಇಂಗ್ಲೆಂಡಿನ ಚಿತ್ರದ ಹಿಂದೆ ಒಂದು ಕಾನೂನೂ ಇದೆ, ಸಮಾಜ ವಿಜ್ಞಾನದವರಿಗೆ ಅದು ಬೇಕು. ಅಲ್ಲಿ 1949ರ ಒಂದು ಕಾಯ್ದೆಯಿಂದ ಸ್ಥಳೀಯ ಆಡಳಿತಗಳು ಸಾರ್ವಜನಿಕ ಕಾಲುದಾರಿಗಳ ಅಧಿಕೃತ ನಕ್ಷೆ ಇಡಬೇಕಾಯಿತು. ನಕ್ಷೆಯಲ್ಲಿರುವ ಹಾದಿ ಒಬ್ಬರ ಹೊಲದ ನಡುವೆ ಹಾದು ಹೋದರೂ ನಡೆಯುವ ಹಕ್ಕು ಎಲ್ಲರಿಗೂ ಇದೆ. ಹೊಲದ ನಡುವಿನ ಹಾದಿಯನ್ನು ಉತ್ತರೆ ರೈತ ಅದನ್ನು ಮತ್ತೆ ಗುರುತು ಮಾಡಿ ಕೊಡಬೇಕು. ನಮ್ಮಲ್ಲೂ ಗ್ರಾಮನಕ್ಷೆ ಇದೆ. ಬಂಡಿದಾರಿ, ಕಾಲುದಾರಿಗಳು ಅದರಲ್ಲಿ ಚುಕ್ಕೆಗೆರೆಗಳಾಗಿ ಇರುತ್ತವೆ. ರೈತರು ಅದನ್ನು ‘ನಕಾಶೆ ದಾರಿ’ ಎನ್ನುತ್ತಾರೆ, ಜಗಳ ಬಂದಾಗ ಹೆಚ್ಚು ಗಟ್ಟಿಯಾಗಿ ಎನ್ನುತ್ತಾರೆ. 1964ರ ಕರ್ನಾಟಕ ಭೂಕಂದಾಯ ಅಧಿನಿಯಮದ ಪ್ರಕಾರ, ಬೇರೆಯವರ ಸ್ವತ್ತಲ್ಲದ ಸಾರ್ವಜನಿಕ ದಾರಿ, ಓಣಿ, ಹಾದಿ, ಹಳ್ಳಗಳು ಸರ್ಕಾರಕ್ಕೆ ಸೇರಿದವು. ಆದರೂ ವರ್ಷಕ್ಕೊಂದು ಸಾಲು ನೇಗಿಲು ಈಚೆಗೆ ಬಂದರೆ ಹತ್ತು ವರ್ಷದಲ್ಲಿ ಬಂಡಿದಾರಿ ಕಾಲುದಾರಿಯಾಗುತ್ತದೆ. ಅದರ ಮೇಲೆ ನಡೆಯುವ ಮಕ್ಕಳಿಗೆ ಇದು ಪೌರನೀತಿಯ ಪಾಠ ಓದುವ ಮೊದಲೇ ಗೊತ್ತು. ಯಾರ ಬದುವಿನ ಮೇಲೆ ಕಾಲಿಡಬಹುದು, ಯಾರದರ ಮೇಲೆ ಇಟ್ಟರೆ ಬೈಗಳು ಎಂದು ಆರನೆಯ ತರಗತಿಯ ಹುಡುಗನೊಬ್ಬ ನನಗೆ ಬೆರಳಿಟ್ಟು ತೋರಿಸಿದ. ಆ ನಕ್ಷೆ ಯಾವ ಕಚೇರಿಯಲ್ಲೂ ಇಲ್ಲ.

ಇನ್ನು ಮಣ್ಣು. ಬೀದರ್ ಸೀಮೆಯಲ್ಲಿ ಎತ್ತರದ ಕಡೆ ಜಂಬಿಟ್ಟಿಗೆಯ ಕೆಂಪು ನೆಲ, ತಗ್ಗಿನಲ್ಲಿ ಎರೆ. ಪುಸ್ತಕದಲ್ಲಿ ಇದು ಎರಡು ಸಾಲು. ಜುಲೈ, ಆಗಸ್ಟಿನಲ್ಲಿ ಸೈಕಲ್ ಹೊಡೆದವನಿಗೆ ಇದು ಎರಡು ಬೇರೆ ಲೋಕ. ಕೆಂಪು ಹಾದಿ ಮಳೆ ನಿಂತ ಒಂದು ತಾಸಿಗೆ ಗಟ್ಟಿ. ಎರೆಯ ಹಾದಿಯಲ್ಲಿ ಗಾಲಿ ಹತ್ತು ಸುತ್ತು ತಿರುಗುವುದರೊಳಗೆ ಮಡ್‌ಗಾರ್ಡ್ ಮತ್ತು ಟೈರಿನ ನಡುವೆ ಮಣ್ಣು ತುಂಬಿ ಸೈಕಲ್ ನಿಂತುಬಿಡುತ್ತದೆ. ಕಡ್ಡಿಯಿಂದ ಕೆದರಬೇಕು, ಮತ್ತೆ ಹತ್ತು ಸುತ್ತು, ಮತ್ತೆ ಕೆದರಬೇಕು. ಕೊನೆಗೆ ಸೈಕಲ್ಲೇ ಹೆಗಲ ಮೇಲೆ ಏರುತ್ತದೆ. ಚಪ್ಪಲಿಯ ಗತಿಯೂ ಅದೇ. ಒಂದೊಂದು ಹೆಜ್ಜೆಗೆ ಒಂದೊಂದು ಸೇರು ಮಣ್ಣು. ಮಕ್ಕಳು ಚಪ್ಪಲಿ ಕೈಯಲ್ಲಿ ಹಿಡಿದು ಬರುವುದು ಬಡತನದ ಗುರುತು ಎಂದು ಒಬ್ಬ ಪ್ರಶಿಕ್ಷಣಾರ್ಥಿ ತನ್ನ ದಿನಚರಿಯಲ್ಲಿ ಬರೆದಿದ್ದ. ಅವನೇ ಒಂದು ಶನಿವಾರ ನಡೆದ ಮೇಲೆ ಅದನ್ನು ಹೊಡೆದುಹಾಕಿ ‘ಎರೆ’ ಎಂದು ಒಂದೇ ಪದ ಬರೆದ.

ಶಾಲೆಯ ಹಾಜರಾತಿ ಪುಸ್ತಕವನ್ನು ಮುಖ್ಯ ಶಿಕ್ಷಕರ ಅನುಮತಿ ಪಡೆದು ಈ ಕಣ್ಣಿನಿಂದ ಮತ್ತೆ ತೆರೆದೆವು. ಮಳೆಯ ದಿನಗಳ ಗೈರುಹಾಜರಿ ಚೆಲ್ಲಾಪಿಲ್ಲಿಯಾಗಿ ಇರಲಿಲ್ಲ, ಗುಂಪುಗುಂಪಾಗಿ ಇತ್ತು. ಕೆಂಪು ಮರಡಿಯ ಮೇಲಿನ ವಾಡಿಯ ಮಕ್ಕಳು ಬಂದಿದ್ದಾರೆ, ಎರೆ ದಾಟಿ ಬರಬೇಕಾದ ತಾಂಡಾದ ಮಕ್ಕಳು ಬಂದಿಲ್ಲ. ಅದರ ಎದುರಿಗಿನ ಷರಾದಲ್ಲಿ ‘ಪಾಲಕರ ನಿರಾಸಕ್ತಿ’ ಎಂದು ಇತ್ತು. ಇದನ್ನು ನಾನು ದೂರಿನ ಧಾಟಿಯಲ್ಲಿ ಹೇಳುತ್ತಿಲ್ಲ. ಷರಾ ಬರೆಯಲು ಕೊಟ್ಟ ಜಾಗವೇ ಅಷ್ಟು, ಎರಡು ಪದಕ್ಕಿಂತ ಹೆಚ್ಚು ಹಿಡಿಯುವುದಿಲ್ಲ.

ಸೆಪ್ಟೆಂಬರ್ ಕೊನೆಗೆ ತೇವ ಆರಿ ಹಾದಿ ತೆರೆದುಕೊಂಡಾಗ ಗೈರು ಕಡಿಮೆಯಾಗಿ ತಡ ಹೆಚ್ಚಾಯಿತು. ಇದಕ್ಕೆ ಕಾರಣ ಸೀತಾಫಲ. ಹಣ್ಣಿನ ಕಣ್ಣು ಬಿಟ್ಟಿದೆಯೋ ಇಲ್ಲವೋ ಎಂದು ನೋಡದೆ ಯಾವ ಮಗುವೂ ಮುಂದೆ ಸಾಗುವುದಿಲ್ಲ. ನಾವೂ ಸಾಗಲಿಲ್ಲ. ಇದಕ್ಕೆ ಪರಿಹಾರ ಹುಡುಕುವ ಅಗತ್ಯ ನನಗೆ ಕಾಣಲಿಲ್ಲ. ವಿಜ್ಞಾನದ ಪ್ರಶಿಕ್ಷಣಾರ್ಥಿ ಬೀಜ ಪ್ರಸಾರದ ಪಾಠವನ್ನು ಎರಡು ವಾರ ಮುಂಚೆ ತಂದುಕೊಂಡ, ಅಷ್ಟೇ. ಬೋಧನೋಪಕರಣ ಮಕ್ಕಳ ಜೇಬಿನಲ್ಲೇ ಇತ್ತು.

ಗಣಿತದ ಪಾಠದ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಮುಂದಿನದೆಲ್ಲ ಅದರಿಂದ ಹುಟ್ಟಿತು. ಏಳನೆಯ ತರಗತಿಗೆ ವೃತ್ತದ ಪರಿಧಿ. ಪ್ರಶಿಕ್ಷಣಾರ್ಥಿ ಬಳೆ, ತಟ್ಟೆ, ನಾಣ್ಯಗಳ ಪಟ್ಟಿ ಮಾಡಿದ್ದ. ಸೈಕಲ್ಲನ್ನೇ ತರಗತಿಯೊಳಗೆ ತಂದರೆ ಹೇಗೆ ಎಂದೆ. 28 ಇಂಚಿನ ಗಾಲಿ, ಎಂದರೆ ವ್ಯಾಸ ಸುಮಾರು 71 ಸೆಂ.ಮೀ. ಮಕ್ಕಳು ಲೆಕ್ಕ ಹಾಕಿದರು, ಪರಿಧಿ 223 ಸೆಂ.ಮೀ. ಆಮೇಲೆ ಟೈರಿಗೆ ಸುಣ್ಣದ ಗುರುತು ಹಚ್ಚಿ, ಒಬ್ಬ ಹುಡುಗನನ್ನು ಸೀಟಿನ ಮೇಲೆ ಕೂರಿಸಿ, ವರಾಂಡದಲ್ಲಿ ಉರುಳಿಸಿ, ಎರಡು ಗುರುತುಗಳ ನಡುವೆ ಅಳೆದರು. 221 ಬಂತು. ಎರಡು ಸೆಂಟಿಮೀಟರ್ ಎಲ್ಲಿ ಹೋಯಿತು ಎಂಬುದರ ಮೇಲೆ ಉಳಿದ ಅವಧಿಯೆಲ್ಲ ನಡೆಯಿತು. ಅಳತೆ ತಪ್ಪಿದೆ ಎಂದರು ಕೆಲವರು, ಮತ್ತೆ ಅಳೆದರು, ಮತ್ತೆ 221. ಕೊನೆಗೆ ಪಂಕ್ಚರ್ ಅಂಗಡಿಯವರ ಮಗನೊಬ್ಬ, ಭಾರ ಬಿದ್ದರೆ ಟೈರು ಕೆಳಗೆ ಚಪ್ಪಟೆ ಆಗ್ತದ, ಗಾಲಿ ಸಣ್ಣದಾಗ್ತದ ಎಂದ. ಅವನು ಅಲ್ಲಿಯವರೆಗೆ ಗಣಿತದ ತಾಸಿನಲ್ಲಿ ಬಾಯಿ ಬಿಟ್ಟಿದ್ದನ್ನು ಯಾರೂ ಕೇಳಿರಲಿಲ್ಲವಂತೆ.

ಗಾಲಿಯ ಕಡ್ಡಿಗೆ ಒಂದು ಕೆಂಪು ಬಟ್ಟೆಯ ಚೂರು ಕಟ್ಟಿದರೆ ಸುತ್ತು ಎಣಿಸಬಹುದು. ಒಂದು ಕಿಲೋಮೀಟರಿಗೆ ಸುಮಾರು 452 ಸುತ್ತು. ನವೆಂಬರಿನ ಒಂದು ಶನಿವಾರ ತಾಂಡಾದಿಂದ ಶಾಲೆಯವರೆಗೆ ಸೈಕಲ್ ತಳ್ಳುತ್ತ ಎಣಿಸಿದೆವು. ನೂರಕ್ಕೊಂದು ಹುಣಸೆ ಬೀಜ ಜೇಬಿಗೆ ಹಾಕಿಕೊಳ್ಳುವ ಕೆಲಸ ಏಳನೆಯ ತರಗತಿಯ ಒಬ್ಬ ಹುಡುಗಿಯದು. ಹಾಜರಾತಿ ಪುಸ್ತಕದಲ್ಲಿ ಮಳೆಗಾಲದ ಗೈರು ಅವಳದೇ ಎಲ್ಲರಿಗಿಂತ ಹೆಚ್ಚು. ಹೊಲದ ಹಾದಿಯಲ್ಲಿ 1,222 ಸುತ್ತು, ಎಂದರೆ 2,700 ಮೀಟರ್. ಮರುವಾರ ಡಾಂಬರು ರಸ್ತೆಯಿಂದ ಸುತ್ತಿಕೊಂಡು ಬಂದೆವು, 2,400 ಸುತ್ತು, 5.3 ಕಿಲೋಮೀಟರ್.

ಹೊಲದ ಹಾದಿ ಅರ್ಧ ದಾರಿಯಲ್ಲಿ ಒಂದು ಹಳ್ಳ ದಾಟುತ್ತದೆ. ನವೆಂಬರಿನಲ್ಲಿ ಅಲ್ಲಿ ಪಾದ ತೊಯ್ಯುವಷ್ಟೂ ನೀರಿಲ್ಲ. ‘ಮಳಿಗಾಲದಾಗ ಎಷ್ಟು ಬರ್ತದ?’ ಎಂದು ಕೇಳಿದೆ. ಹುಡುಗಿ ಮಾತಾಡದೆ ದಂಡೆಯ ಮುತ್ತುಗದ ಗಿಡಕ್ಕೆ ಸಿಕ್ಕಿಕೊಂಡಿದ್ದ ಹುಲ್ಲಿನ ಕಸವನ್ನು ತೋರಿಸಿದಳು. ಅದು ಅವಳ ಎದೆಗಿಂತ ಮೇಲಿತ್ತು. ‘ಹಳ್ಳ ಬಂತಂದ್ರ ಅವ್ವ ಕಳಸಂಗಿಲ್ರಿ ಸರ್’ ಎಂದಳು. ಎಂಟನೆಯದಕ್ಕೆ ಬರುತ್ತೀಯಾ ಎಂದು ಕೇಳಿದ ಪ್ರಶಿಕ್ಷಣಾರ್ಥಿನಿಗೆ, ನೋಡಬೇಕು ಎಂದಳು. ಅವಳ ಅಕ್ಕ ಏಳನೆಯದಕ್ಕೇ ನಿಲ್ಲಿಸಿದ್ದು ಇದೇ ಹಳ್ಳದ ಸಲುವಾಗಿ ಎಂದು ಆಮೇಲೆ ತಾಯಿ ಹೇಳಿದರು.

ಕಾಲೇಜಿನಲ್ಲಿ ನಾವು ಶಿಕ್ಷಣ ಹಕ್ಕು ಕಾಯ್ದೆಯನ್ನು ಪರೀಕ್ಷೆಗೆ ಓದಿಸುತ್ತೇವೆ. ನೆರೆಹೊರೆಯ ಶಾಲೆ ಎಂದರೆ ಐದನೆಯ ತರಗತಿಯವರೆಗೆ 1 ಕಿ.ಮೀ., ಆರರಿಂದ ಎಂಟರವರೆಗೆ 3 ಕಿ.ಮೀ. ನಡಿಗೆಯ ದೂರ ಎಂದು 2010ರ ಕೇಂದ್ರದ ಮಾದರಿ ನಿಯಮಗಳಲ್ಲಿದೆ. ಐದು ಅಂಕದ ಪ್ರಶ್ನೆಗೆ ಇಷ್ಟು ಸಾಕು. ಆದರೆ ಅದೇ ನಿಯಮದ ಕೆಳಗೆ ಇನ್ನೊಂದು ಉಪನಿಯಮವಿದೆ. ದುರ್ಗಮ ನೆಲ, ಪ್ರವಾಹ, ರಸ್ತೆಯ ಕೊರತೆ, ಚಿಕ್ಕ ಮಕ್ಕಳಿಗೆ ಬರುವ ಹಾದಿಯಲ್ಲಿ ಅಪಾಯ ಇರುವ ಕಡೆ ಈ ದೂರದ ಮಿತಿಯನ್ನು ಕಡಿಮೆ ಮಾಡಿ, ಆ ಅಪಾಯ ತಪ್ಪುವಂತೆ ಶಾಲೆ ಇರಬೇಕು ಎನ್ನುತ್ತದೆ ಅದು. ನಮ್ಮ 2,700 ಮೀಟರ್ ಮೂರು ಕಿಲೋಮೀಟರಿನ ಒಳಗೇ ಇದೆ. ಕಾಗದದ ಮೇಲೆ ಎಲ್ಲ ಸರಿ. ಹಳ್ಳ ಬಂದ ದಿನ ಆ ಹಾದಿಯೇ ಇಲ್ಲ, ಉಳಿಯುವುದು 5.3 ಕಿಲೋಮೀಟರ್. ಆ ಉಪನಿಯಮವನ್ನು ಎತ್ತಿ ಹೇಳಬೇಕಾದರೆ ಯಾರಾದರೂ ಹಳ್ಳವನ್ನು ನೋಡಿರಬೇಕು.

ಮುಖ್ಯ ಶಿಕ್ಷಕರು ಆ ಅಳತೆಯನ್ನು ಗಂಭೀರವಾಗಿ ತೆಗೆದುಕೊಂಡರು. ಮಕ್ಕಳು ಬರೆದ ನಕ್ಷೆಯನ್ನು, ಸುತ್ತುಗಳ ಲೆಕ್ಕವನ್ನು, ಮಳೆಯ ದಿನಗಳ ಹಾಜರಾತಿಯನ್ನು ಎಸ್‌ಡಿಎಂಸಿ ಠರಾವಿನ ಜೊತೆ ಲಗತ್ತಿಸಿ ಪಂಚಾಯಿತಿಗೆ ಕೊಟ್ಟರು. ಹೊಸ ಶಾಲೆ ಯಾರೂ ಕೇಳಲಿಲ್ಲ. ಹಳ್ಳಕ್ಕೆ ಕೊಳವೆ ಹಾಕಿ ಮೇಲೆ ಮುರುಮು ಹಾಕಿದರೆ ಸಾಕು ಎಂದು ಕೇಳಿದರು. ನಮ್ಮ ತಂಡ ಅಷ್ಟೊತ್ತಿಗೆ ಹದಿನಾರು ವಾರ ಮುಗಿಸಿ ಹೊರಟಿತ್ತು.

ಸೈಕಲ್ಲಿನ ಮಾತು ಬಂದಾಗ ಒಂದು ಸಂಗತಿ. ನಮ್ಮ ರಾಜ್ಯದಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡುವ ಯೋಜನೆ 2006-07ರಲ್ಲಿ ಶುರುವಾಯಿತು. ಕೋವಿಡ್ ಬಂದ ಮೇಲೆ ವಿತರಣೆ ನಿಂತಿತು. ಅದೇ 2006ರಲ್ಲಿ ಬಿಹಾರದಲ್ಲಿ ಒಂಬತ್ತನೆಯ ತರಗತಿಯ ಹುಡುಗಿಯರಿಗೆ ಸೈಕಲ್ ಕೊಡುವ ಯೋಜನೆ ಬಂತು. ಕಾರ್ತಿಕ್ ಮುರಳೀಧರನ್ ಮತ್ತು ನಿಶಿತ್ ಪ್ರಕಾಶ್ ಅದನ್ನು ಅಧ್ಯಯನ ಮಾಡಿ, ಪ್ರೌಢಶಾಲೆಯಲ್ಲಿ ಹುಡುಗಿಯರ ದಾಖಲಾತಿ 32 ಶೇಕಡಾ ಏರಿತು, ಹುಡುಗ ಹುಡುಗಿಯರ ನಡುವಿನ ಅಂತರ 40 ಶೇಕಡಾ ತಗ್ಗಿತು ಎಂದು ತೋರಿಸಿದರು. ಏರಿಕೆ ಹೆಚ್ಚಾಗಿ ಕಂಡದ್ದು ಶಾಲೆ 3 ಕಿಲೋಮೀಟರಿಗಿಂತ ದೂರ ಇದ್ದ ಹಳ್ಳಿಗಳಲ್ಲಿ. ಇದನ್ನು ತರಗತಿಯಲ್ಲಿ ಹೇಳಿದಾಗ ಒಬ್ಬಳು ಎದ್ದು, ಸರ್, ಅವರಿಗೆ ಎರೆ ಮಣ್ಣಿತ್ತಾ ಎಂದು ಕೇಳಿದಳು. ಶೈಕ್ಷಣಿಕ ಸಂಶೋಧನೆಯ ಪತ್ರಿಕೆಗೆ ಇದಕ್ಕಿಂತ ಒಳ್ಳೆಯ ಪ್ರಶ್ನೆ ನಾನು ಕೊಟ್ಟಿಲ್ಲ. ಸೈಕಲ್ ದೂರವನ್ನು ಕಡಿಮೆ ಮಾಡುತ್ತದೆ, ಹಾದಿಯನ್ನು ಮಾಡುವುದಿಲ್ಲ.

ಬೋಧಕ ಮಿತ್ರರು ಕೇಳುವ ಆಕ್ಷೇಪಗಳಿಗೆ ಇಲ್ಲಿಯೇ ಉತ್ತರಿಸುತ್ತೇನೆ. ಸಮಯ ಎಲ್ಲಿದೆ ಎನ್ನುತ್ತಾರೆ. ಹದಿನಾರು ಶನಿವಾರಗಳಲ್ಲಿ ಐದಾರು ಸಾಕು. ಪ್ರಶಿಕ್ಷಣಾರ್ಥಿನಿಯರ ಸುರಕ್ಷತೆ ಎನ್ನುತ್ತಾರೆ, ಅದು ಸರಿಯಾದ ಮಾತು. ನಾವು ಮೂವರಿಗಿಂತ ಕಡಿಮೆ ಜನ ಎಂದೂ ಹೋಗಲಿಲ್ಲ, ಮಕ್ಕಳ ಜೊತೆಗೇ ಹೋಗಿ ಹೊತ್ತು ಇಳಿಯುವ ಮೊದಲು ಊರು ಸೇರುತ್ತಿದ್ದೆವು, ಯಾವ ಹಾದಿ ಎಂದು ಶಾಲೆಯಲ್ಲಿ ಬರೆದಿಟ್ಟು ಹೋಗುತ್ತಿದ್ದೆವು. ಇನ್ನೊಂದು, ಕೈಯಲ್ಲಿ ನಮೂನೆ ಹಿಡಿದು ಹೋಗಬೇಡಿ. ಬರೆಯುವವನನ್ನು ಕಂಡರೆ ಜನ ರೇಷನ್ ಕಾರ್ಡಿನ ವಿಚಾರ ಎತ್ತುತ್ತಾರೆ. ಸರ್ವೆ ನಂಬರಿನ ಅನುಮಾನ ಬಂದರೆ ‘ದಿಶಾಂಕ್’ ಆ್ಯಪ್ ಫೋನಿನಲ್ಲಿ ಇರಲಿ, ಆದರೆ ರೈತನ ಎದುರಿಗೆ ತೆಗೆಯುವುದು ಬೇಡ. ಬರವಣಿಗೆ ರಾತ್ರಿ ದಿನಚರಿಯಲ್ಲಿ. ಮಗುವಿನ ಮನೆಯೊಳಗೆ ಕರೆದರೆ ಮಾತ್ರ ಹೋಗಬೇಕು. ಕರೆದೇ ಕರೆಯುತ್ತಾರೆ, ಚಹಾ ಕುಡಿಯದೆ ಬಿಡುವುದಿಲ್ಲ.

ಪ್ರವಾಸ ಎಂದರೆ ನಮ್ಮ ತಂಡಗಳು ಹುಮನಾಬಾದ್ ಕಡೆಗೆ ಹೋಗಿ ಜಲಸಂಗಿಯ ದೇವಾಲಯದಲ್ಲಿ ಶಾಸನ ಬರೆಯುವ ಶಿಲಾಬಾಲಿಕೆಯನ್ನು ನೋಡಿ ಬರುತ್ತವೆ, ನಾರಾಯಣಪುರದ ಗುಡಿ ನೋಡುತ್ತವೆ. ನೋಡಲೇಬೇಕು. ಚಾಲುಕ್ಯರ ಕಲ್ಯಾಣ ಇಷ್ಟು ಹತ್ತಿರ ಇಟ್ಟುಕೊಂಡು ನೋಡದಿದ್ದರೆ ಹೇಗೆ. ಆದರೆ ಮೋಳಿಗೆಯ ಮಾರಯ್ಯನ ಪಾಠ ಮಾಡಿದ ಹುಡುಗ, ಕಟ್ಟಿಗೆ ಹೊರೆ ಹೊತ್ತು ಮಾರಿದ ಶರಣ ಎಂದು ಹೇಳಿ ಮುಂದೆ ಹೋಗುವವನು, ಅಂದು ಬೆಳಿಗ್ಗೆ ಹಾದಿಯಲ್ಲಿ ಸೌದೆ ಹೊರೆ ಹೊತ್ತ ಇಬ್ಬರು ತಾಯಂದಿರನ್ನು ನೋಡಿದ್ದ. ಹೊರೆ ಎಷ್ಟು ಭಾರ ಇರಬಹುದು ಎಂದು ತರಗತಿಯನ್ನು ಕೇಳಿದ. ಉತ್ತರ ಬಂದದ್ದು ಕಿಲೋದಲ್ಲಿ ಅಲ್ಲ. ‘ಎರಡು ಸಲ ಇಳಿಸಬೇಕ್ರಿ’ ಎಂದಳು ಒಬ್ಬಳು. ಎಲ್ಲೆಲ್ಲಿ ಇಳಿಸಬೇಕು ಎಂದೂ ಹೇಳಿದಳು, ಒಂದು ಬೇವಿನ ಕಟ್ಟೆ, ಒಂದು ಹಳ್ಳದ ಈಚೆ. ಆಮೇಲೆ ಹನ್ನೆರಡನೆಯ ಶತಮಾನದ ಪಾಠ ಮಾಡುವುದು ಅವನಿಗೆ ಕಷ್ಟವಾಗಲಿಲ್ಲ.

ಈ ವರ್ಷದ ಜುಲೈನಲ್ಲಿ ಹೊಸ ತಂಡದೊಂದಿಗೆ ಮತ್ತೆ ಆ ಹಾದಿ ಹಿಡಿದೆ. ಹಳ್ಳದಲ್ಲಿ ಎರಡು ಸಿಮೆಂಟಿನ ಕೊಳವೆಗಳಿವೆ. ಮೇಲಿನ ಮುರುಮು ಮೊದಲ ದೊಡ್ಡ ಮಳೆಗೆ ಅರ್ಧ ಕೊಚ್ಚಿಹೋಗಿದೆ, ಕೊಳವೆ ಉಳಿದಿವೆ. ಈಗಲೂ ಜೋರು ಮಳೆಯಾದ ಮರುದಿನ ದಾಟಲಾಗುವುದಿಲ್ಲ, ಮೂರನೆಯ ದಿನ ದಾಟಬಹುದು. ಮೊದಲು ವಾರ ಕಾಯಬೇಕಿತ್ತಂತೆ. ಹುಣಸೆ ಬೀಜ ಎಣಿಸಿದ ಹುಡುಗಿ ಎಂಟನೆಯದಕ್ಕೆ ಸೇರಿದ್ದಾಳೆ. ಚಿಕ್ಕವರು ಐದಾರು ಮಂದಿ ಅವಳ ಹಿಂದೆ ಚಪ್ಪಲಿ ಕೈಯಲ್ಲಿ ಹಿಡಿದು ನಿಂತಿದ್ದರು. ಹೊಸ ತಂಡದ ವಿಜ್ಞಾನದ ಹುಡುಗ ಕೊಳವೆಯ ಬಾಯಿ ನೋಡುತ್ತ, ನೀರು ಎಷ್ಟು ಜೋರು ಇದೆ ಎಂದು ನಿಮಗೆ ಹೇಗೆ ಗೊತ್ತಾಗುತ್ತದೆ ಎಂದು ಅವಳನ್ನು ಕೇಳಿದ. ಅವಳು ತೊಗರಿ ಕಟ್ಟಿಗೆಯ ಒಂದು ತುಂಡು ಮುರಿದು ಮೇಲಿನ ಕಡೆ ನೀರಿಗೆ ಬಿಟ್ಟು, ಕೊಳವೆಯ ಆಚೆ ಬಾಯಿಗೆ ಓಡಿದಳು.